ಬಸ್ ನಿಲ್ದಾಣದಲ್ಲಿ ಹೆಣೆದ ಜಡೆ

ಇಂದು ದೊಡ್ಡಬಳ್ಳಾಪುರ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾನು ಜಡೆ ಹಾಕುವುದನ್ನು ಕಲಿತೆ. ಇದನ್ನು ಬರೆಯುವಾಗಲೂ ಬೆರಳಲ್ಲಿ ಕೊಬ್ಬರಿ ಎಣ್ಣೆಯ ವಾಸನೆಯಿದೆ.

ದೇವನಹಳ್ಳಿಯಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ನನ್ನ ಹೆಂಡತಿ ಜಯಮ್ಮನ ಬಲಗೈಗೆ ಪ್ಲಾಸ್ಟರ್ ಹಾಕಿದೆ. ಊರಿನಿಂದ ಬರುವಾಗ ಕಿಟಕಿಯ ಗಾಳಿಗೆ ಅವಳ ಜಡೆ ಬಿಚ್ಚಿಹೋಗಿತ್ತು. "ಹಿಂಗೆ ತಲೆ ಕೆದರ್ಕೊಂಡು ತಂಗಿ ಮನೆಗೆ ನಾನು ಬರಲ್ಲ" ಎಂದು ಕುಳಿತುಬಿಟ್ಟಳು.

ಎದುರಿಗೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ಹೆಂಗಸರು. ದಿನವಿಡೀ ಟೋಪಿಯಡಿ ಒತ್ತಿಹೋದ ಕೂದಲನ್ನು ಬಿಚ್ಚಿ, ಒಬ್ಬರ ಹಿಂದೆ ಒಬ್ಬರು ಕುಳಿತು, ಪ್ರತಿಯೊಬ್ಬಳೂ ಮುಂದಿನವಳ ತಲೆ ಬಾಚುತ್ತಿದ್ದಳು. ಅಂಥ ಸಾಲನ್ನು ನಾನು ಕಂಡಿರಲಿಲ್ಲ. ಕೊನೆಯ ಹುಡುಗಿ ಎದ್ದು ಬಂದಳು. "ಬನ್ನಿ ಅಜ್ಜಿ, ನಾನು ಹಾಕ್ತೀನಿ."

"ಬೇಡ ಕಣವ್ವ. ಒಂದು ಜಡೆಗೆ ಇಷ್ಟೊತ್ತಾ ಅಂತ ಜೀವಮಾನವೆಲ್ಲ ಬೈದೋರು ಇವ್ರು. ಇವತ್ತು ಇವ್ರೇ ಹಾಕ್ಲಿ."

ಅದು ನಿಜ. ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ನಿಂತು ಕೂಗಿ, ಎಷ್ಟೋ ಸಲ ಅವಳನ್ನು ಅರ್ಧ ಜಡೆಯಲ್ಲೇ ಹೊರಡಿಸಿದ್ದೇನೆ. ಹುಡುಗಿಯ ಕೈಯಿಂದ ಬಾಚಣಿಗೆ ಇಸಿದುಕೊಂಡೆ.

"ಎಳೀಬೇಡಿ ತಾತ, ಅದು ಹಸು ಕಟ್ಟೋ ಹಗ್ಗ ಅಲ್ಲ" ಎಂದು ಹುಡುಗಿ ಗದರಿದಳು. "ಮೂರು ಪಾಲು ಮಾಡಿ. ಪಕ್ಕದ ಎಳೇನ ನಡುವಿನ ಎಳೆ ಮೇಲೆ ತನ್ನಿ."

ಮೊದಲು ಜಾರಿತು. ಆಮೇಲೆ ಕೂದಲು ನನ್ನ ಮಾತು ಕೇಳತೊಡಗಿತು. ನನಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ದೇವನಹಳ್ಳಿ ಬಸ್ಸು ಬಂತು.

"ಯಜಮಾನ್ರೇ, ಬೇಗ ಹತ್ತಿ" ಎಂದ ಕಂಡಕ್ಟರ್.

"ಒಂದ್ನಿಮಿಷ ಕಣಪ್ಪಾ, ಇನ್ನೊಂಚೂರಿದೆ" ಎಂದೆ.

ಅದು ಜಯಮ್ಮ ಯಾವಾಗಲೂ ಹೇಳುತ್ತಿದ್ದ ಮಾತು. ಅವಳು ಮೈ ಕುಲುಕಿ ನಕ್ಕ ರಭಸಕ್ಕೆ ಜಡೆ ನನ್ನ ಕೈಯಿಂದ ಜಾರಿ ಬಿಚ್ಚಿಕೊಂಡಿತು. ಬಸ್ಸು ಹೋಯಿತು. ನಾನು ಮತ್ತೆ ಮೂರು ಪಾಲು ಮಾಡಿದೆ.