ಬೀಗ ಹಾಕಿದ್ದ ಮನೆ

ಮೊನ್ನೆ ಜಗಳೂರಿನ ನಮ್ಮ ಹಿತ್ತಲಲ್ಲಿ ಕಳೆ ಕೀಳುವಾಗ ನೆಲನೆಲ್ಲಿ ಗಿಡವೊಂದು ಬೇರುಸಮೇತ ಕೈಗೆ ಬಂತು. ಬೆರಳಿಗಂಟಿದ ಆ ಹಸಿ ಒಗರು ವಾಸನೆಗೆ ಕೂತಲ್ಲೇ ಕೂತುಬಿಟ್ಟೆ. ನಮ್ಮ ವಿಜ್ಞಾನದ ಮೇಷ್ಟ್ರು ಕಾಯಿಲೆ ಬಿದ್ದಾಗ ಅವರ ಕೋಣೆಯ ತುಂಬ ಇದೇ ವಾಸನೆಯಿತ್ತು...

ನ್ಯಾಮತಿಯ ಹೈಸ್ಕೂಲಿಗೆ ನಾನು ಹೊಸದಾಗಿ ಶಿಕ್ಷಕಿಯಾಗಿ ಸೇರಿದಾಗ ಅವರು ಅಲ್ಲಿ ಹಿರಿಯರು. ಯಾರಾದರೂ ಏನನ್ನಾದರೂ ಖಡಾಖಂಡಿತವಾಗಿ ಹೇಳಿದರೆ ಅವರು ವಾದ ಮಾಡುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. "ನೋಡೇ ಬಿಡಾಣ" ಎನ್ನುತ್ತಿದ್ದರು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸುವವನೊಬ್ಬ ಶಾಲೆಗೆ ಬಂದಾಗ, ಅವನನ್ನು ಒಪ್ಪಿಸಿಯೇ ಕಣ್ಣಿಗೆ ಬಟ್ಟೆ ಕಟ್ಟಿ ಅದೇ ಮೈದಾನದಲ್ಲಿ ಮೂರು ಸಲ ನಡೆಸಿದರು. ನೀರಿದ್ದಲ್ಲಿ ಎದ್ದು ನಿಲ್ಲಬೇಕಿದ್ದ ಕಾಯಿ ಮೂರು ಬೇರೆ ಬೇರೆ ಕಡೆ ಎದ್ದು ನಿಂತಿತು. ಆ ಮನುಷ್ಯನಿಗೆ ಚಹಾ ಕುಡಿಸಿ ಕಳಿಸಿದರು.

ಹೊನ್ನಾಳಿ ಕಡೆಯ ಹಳ್ಳಿಯೊಂದರಲ್ಲಿ ಕಾಮಾಲೆಗೆ ನೆಲನೆಲ್ಲಿ ಔಷಧಿ ಕೊಡುವ ಅಜ್ಜನಿದ್ದ. ತನ್ನ ಔಷಧಿ ಕುಡಿದವರು ಒಬ್ಬರೂ ಸತ್ತಿಲ್ಲ ಎಂಬುದು ಅವನ ಮಾತು. ಅದು ಕಿವಿಗೆ ಬಿದ್ದ ವಾರವೇ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೊರಟರು. ಅಂದು ಅಲ್ಲಿಗೆ ಬಂದಿದ್ದ ಒಂಬತ್ತು ಜನರ ಹೆಸರು, ಊರು ಬರೆದುಕೊಂಡೆವು. ತಿಂಗಳು ಬಿಟ್ಟು ಒಬ್ಬೊಬ್ಬರ ಮನೆಗೂ ಹೋದೆವು. ಎಂಟು ಜನ ಗುಣವಾಗಿದ್ದರು. ಒಬ್ಬಾಕೆ ಕೂರಿಸಿ ಮಂಡಕ್ಕಿ ಕೊಟ್ಟಳು. ಕೊನೆಯ ಮನೆಗೆ ಬೀಗ ಹಾಕಿತ್ತು. ಬಸ್ಸಿಗೆ ಹೊತ್ತಾಗಿತ್ತು, ಬಂದುಬಿಟ್ಟೆವು.

ಔಷಧಿ ಕುಡಿಯದಿದ್ದರೂ ಇವರಿಗೆ ವಾಸಿಯಾಗುತ್ತಿತ್ತೇನೋ ಎಂದು ಬಸ್ಸಿನಲ್ಲಿ ಕೇಳಿದೆ. ಮೇಷ್ಟ್ರು, "ಅದನ್ನ ನೋಡಾಕೆ ಯಾರಿಗೆ ಔಷಧಿ ಕುಡೀಬ್ಯಾಡ ಅನ್ನಾಣಮ್ಮ?" ಎಂದರು.

ಎರಡು ವರ್ಷದ ಮೇಲೆ ಅವರ ಕಣ್ಣೇ ಹಳದಿಯಾಯಿತು. ದಾವಣಗೆರೆಗೆ ಹೋಗೋಣವೆಂದು ಹೆಂಡತಿ ಅತ್ತರೂ ಕೇಳಲಿಲ್ಲ. ಗುಣವಾದವರನ್ನು ನಾವೇ ಕಂಡಿದ್ದೇವಲ್ಲ ಎಂದು ಒಂದೂವರೆ ತಿಂಗಳು ಆ ಸೊಪ್ಪಿನ ರಸ ಕುಡಿದರು. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ಪಿತ್ತನಾಳದಲ್ಲಿ ಗಡ್ಡೆಯಿದೆ, ಬಹಳ ತಡವಾಯಿತು ಎಂದು ಡಾಕ್ಟರು ಹೇಳಿದರು. ಮನೆಗೆ ಕರೆತಂದರು.

ನೋಡಲು ಹೋದ ದಿನ ನನ್ನನ್ನು ಹತ್ತಿರ ಕರೆದರು. "ಆ ಬೀಗ ಹಾಕಿದ್ದ ಮನೆ... ಒಂದ್ಸಲ ಹೋಗಿ ನೋಡ್ಕಂಡು ಬರ್ತೀಯೇನಮ್ಮ?"

ಹೋದೆ. ಬಾಗಿಲು ತೆರೆದಿತ್ತು. ಒಳಗಿದ್ದ ಹೆಂಗಸು ನಾನು ಬಂದ ಕಾರಣ ಕೇಳಿ ಚಾಪೆ ಹಾಸಿದಳು. "ಔಷಧಿ ಕುಡುದು ಹದಿನೈದು ದಿನಕ್ಕೇ ಹೋದ್ರು ನಮ್ಮನಿಯೋರು. ಇಲ್ಲಿಗಂಟ ಯಾರೂ ಕೇಳಾಕೆ ಬರಲಿಲ್ರಿ" ಎಂದಳು.

ಮರುದಿನ ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ದಾರಿಯುದ್ದಕ್ಕೂ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದೆ.

"ಆರಾಮಿದಾರೆ ಸರ್. ಹೊಲಕ್ಕೆ ಹೋಗಿದ್ರು" ಎಂದೆ.

ಯಾರು ಹೇಳಿದರು, ನೀನು ಕಣ್ಣಾರೆ ಕಂಡೆಯಾ... ಒಂದನ್ನೂ ಕೇಳಲಿಲ್ಲ. ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ನಾಲ್ಕನೆಯ ದಿನ ತೀರಿಕೊಂಡರು.

ಈಗ ನಾನೂ ನಿವೃತ್ತಿಗೆ ಹತ್ತಿರವಾಗಿದ್ದೇನೆ. ಅಂದು ನಾನು ಹೇಳಿದ್ದನ್ನು ಅವರು ನಂಬಿದರೋ, ನನಗೆ ನೋವಾಗದಿರಲೆಂದು ನಂಬಿದಂತೆ ಇದ್ದರೋ ಗೊತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.