ರೊಟ್ಟಿ ಬಡಿಯಲು ಎರಡು ವರ್ಷದ ಓದು

ಕೆಲಸ ಕೇಳಿಕೊಂಡು ಜಮಖಂಡಿಯ ಒಂದು ಆಸ್ಪತ್ರೆಗೆ ಹೋದ ದಿನ ನನ್ನ ಕೈಯಲ್ಲಿ ಎರಡು ಪದವಿಗಳಿದ್ದವು. ಸಿಟ್ಟಂತೂ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿತ್ತು. ಆಸ್ಪತ್ರೆಯ ಮಾಲೀಕರು ವಯಸ್ಸಾದ ಎಲುಬಿನ ಡಾಕ್ಟರು. ನನ್ನ ಕಾಗದಗಳನ್ನು ತಿರುವಿಹಾಕಿ ಕೇಳಿದರು: "ಆಕ್ಯುಪೇಶನಲ್ ಥೆರಪಿ ಡಿಗ್ರಿ ಆತು. ಅದರ ಮ್ಯಾಲ ಎಂ ಅಂತ, ಮಾಸ್ಟರ್ ಡಿಗ್ರಿಗೆ ಮತ್ತ ಎರಡು ವರ್ಷ ಓದೀರಿ. ಆ ಎರಡು ವರ್ಷದಾಗ ಹೆಚ್ಚಿಗಿ ಏನು ಬಂತು ಹೇಳ್ರಿ."

ನಾನು ಪುಸ್ತಕದ ಭಾಷೆಯಲ್ಲಿ ಬಹಳ ಹೊತ್ತು ಹೇಳಿದೆ. ಅವರು ಅಷ್ಟರಲ್ಲಿ ಚಹಾ ಮುಗಿಸಿದರು.

"ಇರಲಿ. ಬೋರ್ಡಿನ ಮ್ಯಾಲ ಎಂ ಅಂತಿದ್ರ ಛಲೋ ಕಾಣತೈತಿ. ದೀಪಾವಳಿ ತನಕ ನೋಡೂನು. ಸರಿ ಬಂದ್ರ ಕಾಯಂ, ಇಲ್ಲಾಂದ್ರ ನಿಮ್ಮ ದಾರಿ ನಿಮಗ."

ನಮ್ಮೂರು ಬೀಳಗಿಗೆ ಮರಳುವ ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಕುಳಿತೆ. ಆದರೆ ಈ ಕೆಲಸ ತಪ್ಪಿದರೆ ಮತ್ತೆ ದೂರದ ಊರಿನ ಹಾಸ್ಟೆಲ್ಲೇ ಗತಿ. ನನ್ನ ಮಾತು ಆಡುವ ಜನರ ನಡುವೆಯೇ ಇದ್ದು ದುಡಿಯಬೇಕೆಂಬ ಆಸೆ ನನಗೆ ಹೊಟ್ಟೆಯ ಹಸಿವಿನಷ್ಟೇ ನಿಜವಾಗಿತ್ತು.

ನನಗೆ ಕೊಟ್ಟ ಕೋಣೆಯಲ್ಲಿ ನರಗಳಿಗೆ ಸಣ್ಣಗೆ ಕರೆಂಟ್ ಕೊಡುವ ಒಂದು ಮಷಿನ್ ಇತ್ತು. ನಮ್ಮ ಕಡೆ ಚಿಕಿತ್ಸೆ ಎಂದರೆ ಅದೇ. ಮೈ ಜುಂ ಎನ್ನದಿದ್ದರೆ ಡಾಕ್ಟರು ಏನೂ ಮಾಡಲಿಲ್ಲ ಎಂದೇ ಲೆಕ್ಕ. ಬಿದ್ದ ಮನುಷ್ಯ ತನ್ನ ನಿತ್ಯದ ಕೆಲಸಕ್ಕೆ ಮರಳುವಂತೆ ಮಾಡುವುದೇ ನನ್ನ ವಿದ್ಯೆ ಎಂದರೆ ಯಾರೂ ನಂಬುತ್ತಿರಲಿಲ್ಲ.

ಆಗ ಮಹಾಲಿಂಗಪುರದ ಒಬ್ಬ ಆಯಿಯನ್ನು ಅವಳ ಇಬ್ಬರು ಸೊಸೆಯರು ಕರೆತಂದರು. ಲಕ್ವಾ ಹೊಡೆದು ಬಲಗೈ ಸೋತಿತ್ತು. ಪೇಟೆಯ ಹಿಂದೆ ಅವಳದೊಂದು ಖಾನಾವಳಿ. ಬೆಲ್ಲದ ವ್ಯಾಪಾರಿಗಳೆಲ್ಲ ಅವಳ ರೊಟ್ಟಿ ಉಂಡವರೇ. ಸೊಸೆಯರು ಬಹಳ ಒಳ್ಳೆಯವರು, ತೊಂದರೆ ಅದೇ ಆಗಿತ್ತು. ದುಡಿದದ್ದು ಸಾಕು, ಇನ್ನು ಕೂತು ಉಣ್ಣಲಿ ಎಂದು ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಅತ್ತೆಯ ಬಾಯಿಗಿಡುತ್ತಿದ್ದರು. ಪ್ರೀತಿಯಿಂದಲೇ ಆ ಕೈಯನ್ನು ಮಲಗಿಸಿಬಿಟ್ಟಿದ್ದರು.

"ಕರೆಂಟ್ ಕೊಡು ತಂಗಿ," ಎಂದಳು ಆಯಿ. "ನಮ್ಮ ಓಣ್ಯಾಗ ಎಲ್ಲಾರಿಗೂ ಕೊಟ್ಟಾರ."

"ಕೈ ಬಂದ ಮ್ಯಾಲ ಮೊದಲ ಏನು ಮಾಡ್ತೀರಿ ಆಯಿ?"

ಅವಳು ಸೊಸೆಯರ ಕಡೆ ಒಮ್ಮೆ ನೋಡಿ, "ರೊಟ್ಟಿ," ಎಂದಳು.

ಎಂ ಓದುವಾಗ ನಮ್ಮ ಗುರುಗಳು ಒಂದೇ ಪ್ರಶ್ನೆ ಕೇಳಿ ಜೀವ ತಿನ್ನುತ್ತಿದ್ದರು: ಈ ಮನುಷ್ಯನಿಗೆ ಈ ಕೆಲಸವೇ ಯಾಕೆ? ರೊಟ್ಟಿಯಲ್ಲಿ ನನಗೆ ಉತ್ತರ ಸಿಕ್ಕಿತು. ಹಿಟ್ಟು ನಾದುವಾಗ ಭುಜದ ಬಲ ಅಂಗೈಗೆ ಇಳಿಯುತ್ತದೆ. ಬಡಿಯುವಾಗ ಮಡಿಚಿಕೊಂಡ ಬೆರಳು ಬಿಚ್ಚುತ್ತವೆ. ಎತ್ತಿ ಹಂಚಿಗೆ ಹಾಕಲು ಎರಡೂ ಕೈ ಬೇಕು. ಮರುದಿನವೇ ಜೋಳದ ಹಿಟ್ಟು, ಹಂಚು, ಸಣ್ಣ ಗ್ಯಾಸಿನ ಒಲೆ ತಂದೆ. ಮನೆಯಲ್ಲಿ ತುತ್ತು ಇಡಬಾರದೆಂದು ಸೊಸೆಯರಿಗೆ ತಾಕೀತು ಮಾಡಿದೆ. ಅವರು ಅತ್ತೇಬಿಟ್ಟರು.

ರೊಟ್ಟಿಯ ವಾಸನೆ ಆಸ್ಪತ್ರೆಯ ತುಂಬ ಹಬ್ಬಿತು. ಡಾಕ್ಟರು ಬಾಗಿಲಿಗೆ ಬಂದು ನಿಂತರು.

"ಏನ್ರಿ ಮೇಡಂ, ಇದು ದವಾಖಾನಿನೋ ಖಾನಾವಳಿನೋ? ರೊಟ್ಟಿ ಬಡ್ಯಾಕ ಎಂ ಓದಬೇಕಿತ್ತೇನು?"

ನಾನು ಬಾಯಿ ಬಿಟ್ಟಿದ್ದರೆ ಕೆಲಸ ಅಂದೇ ಹೋಗುತ್ತಿತ್ತು. ಅಷ್ಟರಲ್ಲಿ ಆಯಿ, "ಸಾಹೇಬ್ರ, ಉಣ್ಣೂ ಹೊತ್ತಿಗೆ ಬಂದೀರಿ, ಒಂದು ರೊಟ್ಟಿ ತಿಂದು ಹೋಗ್ರಿ," ಎಂದಳು.

ಹಿರಿಯರು ರೊಟ್ಟಿ ಮುಂದೆ ಹಿಡಿದರೆ ಒಲ್ಲೆ ಎನ್ನುವ ರೂಢಿ ನಮ್ಮಲ್ಲಿಲ್ಲ. ಡಾಕ್ಟರು ನಿಂತೇ ಮುರಿದರು.

"ಒಂದು ಕಡಿ ದಪ್ಪಾಗೇತಲ್ಲ."

"ಬಲಗೈ ಇನ್ನೂ ಮಲಗೇತ್ರಿ," ಎಂದಳು ಆಯಿ. " ಮುಂದಿನ ವಾರ ಬಂದು ನೋಡ್ರಿ."

ಅವರು ಬಂದರು. ಆಮೇಲೆ ಪ್ರತಿ ವಾರ ಬಂದರು. ಮೊದಲು ರೊಟ್ಟಿಯ ಅಂಚು ಮುಟ್ಟಿ ನೋಡುವರು, ಆಮೇಲೆ ಆಯಿಯ ಮಣಿಕಟ್ಟು, ಬೆರಳು. ಪಲ್ಯ ಯಾಕಿಲ್ಲವೆಂದು ಒಮ್ಮೆ ನನ್ನನ್ನೇ ಗದರಿದರು. ಆ ಮುದುಕರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಂದೇ ಇರಬೇಕು.

ದೀಪಾವಳಿ ಹತ್ತಿರ ಬಂತು. ಡಾಕ್ಟರು ಕರೆದರೆಂದು ಅವರ ಕೋಣೆಗೆ ಹೋದೆ. ಆಯಿ ಅಲ್ಲಿ ಕುಳಿತಿದ್ದಳು. ಮೇಜಿನ ಮೇಲೆ ಅವಳು ಮನೆಯಲ್ಲಿ ಬಡಿದು ತಂದ ರೊಟ್ಟಿಗಳಿದ್ದವು. ಡಾಕ್ಟರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು. ಎಲ್ಲೂ ದಪ್ಪವಿರಲಿಲ್ಲ.

"ಅವತ್ತು ಅಷ್ಟೆಲ್ಲಾ ಹೇಳೂ ಬದಲಿ ಇದನ್ನ ತೋರಿಸಿದ್ರ ಸಾಕಿತ್ತು," ಎಂದರು. "ಆ ಮಷಿನ್ ಬಾಜೂ ಖೋಲಿಗೆ ಸರಸ್ರಿ. ಆ ಜಾಗಾದಾಗ ನಿಮಗ ಒಲಿಕಟ್ಟಿ ಕಟ್ಟಿಸಿ ಕೊಡ್ತೇನಿ."

ಕಾಯಂ ಎಂಬ ಮಾತನ್ನು ಅವರು ಹೇಳಲೇ ಇಲ್ಲ, ನಾನೂ ಕೇಳಲಿಲ್ಲ. ಆಯಿ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ಬಲಗೈಯಿಂದಲೇ ನನ್ನ ಬಾಯಿಗೆ ತುತ್ತಿಟ್ಟಳು. ನನಗೆ ಅಳು ಬಂತು.

"ಎಲ್ಲಾ ಛಲೋ ಆತು ತಂಗಿ," ಎಂದಳು ಆಯಿ, ನನ್ನ ಗಲ್ಲ ಒರೆಸುತ್ತ. "ಆದ್ರ ಕಡೀತನಕಾ ನೀ ಕರೆಂಟ್ ಮಾತ್ರ ಕೊಡಲಿಲ್ಲ ನೋಡು."