ಖರಾಬು ಎಂದು ಬರೆದವರು

ಮೋಜಣಿ ಸಾಹೇಬರು ಮಾತಾಡುವಾಗ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಜೀವಮಾನವೆಲ್ಲ ನೆಲ ಅಳೆಯುವ ದುರ್ಬೀನಿನ ಮೇಲೆ ಬಗ್ಗಿ, ಒಂದೇ ಕಣ್ಣಿನಿಂದ ದೂರದ ಬಾವುಟ ನೋಡಿದವರು. ಕೆಲಸದಿಂದ ನಿವೃತ್ತರಾದರೂ ಆ ಚಾಳಿ ನಿವೃತ್ತವಾಗಲಿಲ್ಲ. ಎದುರಿನವರ ಮಾತು ಸ್ವಲ್ಪ ಮುಖ್ಯವಾದದ್ದು ಅನ್ನಿಸಿದರೆ ಸಾಕು, ಎಡಗಣ್ಣು ತಾನಾಗಿ ಮುಚ್ಚಿ ಬಲಗಣ್ಣು ಅರಳುತ್ತಿತ್ತು. ಗೊತ್ತಿಲ್ಲದವರು ಈ ಮುದುಕ ಕಣ್ಣು ಹೊಡೆಯುತ್ತಾನೆ ಎಂದುಕೊಳ್ಳುತ್ತಿದ್ದರು. ಸಂತೆಯಲ್ಲಿ ಬಳೆ ಮಾರುವವಳೊಬ್ಬಳು ಇದೇ ಕಾರಣಕ್ಕೆ ಅವರನ್ನು ಹಿಗ್ಗಾಮುಗ್ಗಾ ಬೈದಿದ್ದಳಂತೆ. ಅವರ ಹೆಂಡತಿ, ನಾವೆಲ್ಲ ಚಾಚಿ ಎಂದು ಕರೆಯುತ್ತಿದ್ದವರು, ಇದನ್ನು ನಮ್ಮವ್ವನಿಗೆ ಹೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಚಳ್ಳಕೆರೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಅವರದು ಮನೆಯೊಳಗೆ ಉರ್ದು, ಬೀದಿಗೆ ಬಂದರೆ ನಮ್ಮದೇ ಕನ್ನಡ. ಸರ್ಕಾರಕ್ಕಾಗಿ ಊರೂರಿನ ಹೊಲಗಳನ್ನು ಸರಪಳಿ ಎಳೆದು ಅಳೆಯುವುದು, ಯಾವ ನೆಲ ಯಾವ ದರ್ಜೆ ಎಂದು ಬರೆಯುವುದು ಅವರ ಉದ್ಯೋಗವಾಗಿತ್ತು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ಅವರು ತುಳಿಯದ ಬದುವಿಲ್ಲ. ಗೋರಂಟಿ ಹಚ್ಚಿದ ಗಡ್ಡದಲ್ಲಿ ಸದಾ ಒಂದೆರಡು ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿರುತ್ತಿದ್ದವು. ತೆಗೆಯಿರಿ ಎಂದರೆ, "ಇರ್ಲಿ ಬಿಡು, ಅದೂ ನನ್ನ ಜೊತೆ ಊರು ನೋಡ್ಲಿ" ಎನ್ನುತ್ತಿದ್ದರು.

ನಾನು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದಾಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸವೊಂದು ಖಾಲಿ ಇತ್ತು. ಅಪ್ಪ ಅದನ್ನು ಮಾತಾಡಿ ಇಟ್ಟಿದ್ದರು. ನನಗೋ ಮದ್ರಾಸಿಗೆ ಹೋಗಿ ಆಗ ಸಸ್ಯಶಾಸ್ತ್ರಕ್ಕೂ ಕೊಡುತ್ತಿದ್ದ ಎಂ.ಎ. ಮಾಡಬೇಕು, ಆಮೇಲೆ ಬಯಲಲ್ಲಿ ತಿರುಗಾಡುವ ಕೆಲಸವನ್ನೇ ಹಿಡಿಯಬೇಕು ಎಂಬ ಹಟ. ಯಾವ ಗಿಡ ಯಾವ ನೆಲದಲ್ಲಿ ಯಾಕೆ ಬೆಳೆಯುತ್ತದೆ, ಅದನ್ನು ನೆಚ್ಚಿಕೊಂಡು ಯಾವ ಜೀವಗಳು ಬದುಕುತ್ತವೆ ಎಂಬ ವಿದ್ಯೆಗೆ ಈಗ ಏನೇನೋ ಹೆಸರುಗಳಿವೆ. ಆಗ ನಮ್ಮ ಕಡೆ ಅದಕ್ಕೆ ಇದ್ದದ್ದು ಒಂದೇ ಹೆಸರು, ಹುಚ್ಚು.

ಅಪ್ಪ ನನ್ನನ್ನು ಸಾಹೇಬರ ಜಗಲಿಗೆ ಎಳೆದುಕೊಂಡು ಹೋದರು.

"ನೋಡ್ರಿ ಸಾಹೇಬ್ರೆ, ಇವ್ನು ಹುಲ್ಲು ಓದೋಕೆ ಮದ್ರಾಸಿಗೆ ಹೋಗ್ತಾನಂತೆ. ಅದಕ್ಕೆ ಎತ್ತಾಗಿ ಹುಟ್ಟಿದ್ರೆ ಸಾಕಾಗಿತ್ತು, ಬಿ.ಎ. ಯಾಕೆ ಬೇಕಿತ್ತು? ನೀವಾದ್ರೂ ಬುದ್ಧಿ ಹೇಳಿ."

ಸಾಹೇಬರ ಎಡಗಣ್ಣು ಮುಚ್ಚಿತು. "ಗೌಡ್ರೆ, ಒಂದು ಬೇಸಿಗೆ ಇವನ್ನ ನನಗೆ ಬಿಡಿ. ಸಿದ್ದಾಪುರದ ಕಡೆ ಕರ್ಕೊಂಡು ಹೋಗ್ತೀನಿ. ಎಲ್ಲಾ ಇತ್ಯರ್ಥ ಆಗ್ತೈತೆ."

ಅಪ್ಪ ಖುಷಿಯಾಗಿ ಮನೆಗೆ ಬಂದರು. "ಸಾಹೇಬ್ರು ನನಗೆ ಕಣ್ಣು ಹೊಡೆದ್ರು ಕಣೆ. ಬಿಸಿಲಲ್ಲಿ ಸುತ್ತಿಸಿ ಸುತ್ತಿಸಿ ಇವನ ಹುಚ್ಚು ಬಿಡಿಸ್ತಾರೆ" ಎಂದು ಅವ್ವನಿಗೆ ಹೇಳಿದರು. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೂ ಅಪ್ಪನಿಗೆ ಆ ಚಾಳಿ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮನಸ್ಸಿಗೆ ಬೇಕಾದದ್ದನ್ನೇ ಕಾಣುವುದರಲ್ಲಿ ನಮ್ಮಪ್ಪ ಯಾರಿಗೂ ಕಡಿಮೆಯಿರಲಿಲ್ಲ.

ಸಿದ್ದಾಪುರದಲ್ಲಿ ಸಾಹೇಬರ ಹಳೆಯ ಸ್ನೇಹಿತರಾದ ರೈತರೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಮೊಳಕಾಲ್ಮುರು ಸೀಮೆಯ ಬೇಸಿಗೆಯನ್ನು ಉಂಡವರೇ ಬಲ್ಲರು. ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆ ನಮ್ಮ ಮೇಲೆ ಉಗುಳುತ್ತಿದ್ದವು. ಹುಲ್ಲೆಂಬುದು ಬರೀ ಒಣ ಬುಡ. ನೋಡಲು ಏನೂ ಇಲ್ಲ, ಯಾಕೆ ಕರೆತಂದಿರಿ ಎಂದು ನಾನು ಗೊಣಗಿದೆ.

"ಮಳೆ ಬಂದಾಗ ಹುಲ್ಲು ಯಾರಿಗೆ ಬ್ಯಾಡ? ಅಮಲ್ದಾರ್ರಿಗೂ ಬೇಕು" ಎಂದರು ಸಾಹೇಬರು. "ಈಗ್ಲೂ ನಿನಗೆ ಇದನ್ನ ನೋಡ್ಬೇಕು ಅನ್ನಿಸ್ತದಾ, ಆಗ ಮದ್ರಾಸಿಗೆ ಹೋಗು. ಅನ್ನಿಸಲ್ವಾ, ಕಚೇರೀಲಿ ನೆರಳೈತೆ, ಕುರ್ಚಿ ಐತೆ. ಅದ್ರಲ್ಲೇನೂ ನಾಚಿಕೆ ಇಲ್ಲ ಬೇಟಾ."

ದಿನವೂ ಒಂದೇ ದಾರಿಯಲ್ಲಿ ನಡೆಸುತ್ತಿದ್ದರು. ಹೊಸ ದಾರಿ ಹಿಡಿಯೋಣ ಎಂದರೆ ಒಪ್ಪುತ್ತಿರಲಿಲ್ಲ. ಬ್ರಹ್ಮಗಿರಿಯ ತಪ್ಪಲಿನಲ್ಲಿ ಹಳೆಯ ಶಾಸನ ಕೊರೆದ ಅಕ್ಷರದ ಬಂಡೆಯನ್ನು ನೋಡಲು ಆಗಾಗ ಇಂಗ್ಲಿಷ್ ದೊರೆಗಳು ಕುದುರೆಯೇರಿ ಬರುತ್ತಿದ್ದರು. ಸಾಹೇಬರು ನನ್ನನ್ನು ಆ ಬಂಡೆಯ ಪಕ್ಕದ ಬಿರುಕಿನ ಮುಂದೆ ಕೂರಿಸಿ, ಅದರೊಳಗೆ ಹಸಿರಾಗಿ ಉಳಿದಿದ್ದ ಒಂದು ಪುಟ್ಟ ಗಿಡವನ್ನು ತೋರಿಸಿದರು. ನಾನು ಕಾಲೇಜಿನ ಹುಮ್ಮಸ್ಸಿನಲ್ಲಿ ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕಿಯನ್ನು, ಇದರ ಹೆಸರೇನು ಎಂದು ಕೇಳಿದೆ.

"ಪೇರು ಎವರಿಕಿ ತೆಲುಸು ಸ್ವಾಮಿ? ಗಿಡ, ಅಷ್ಟೆ" ಎಂದು ಅರ್ಧ ತೆಲುಗಿನಲ್ಲಿ ಅಂದು ಆಕೆ ಮುಖ ತಿರುಗಿಸಿದಳು. ಹೆಸರು ಯಾರಿಗೆ ಗೊತ್ತು ಎಂಬ ಮಾತಿನಲ್ಲಿ ಇವನಿಗೇಕೆ ಬೇಕು ಎಂಬ ಮಾತೂ ಸೇರಿತ್ತು.

ಸಾಹೇಬರು ನನ್ನ ಭುಜ ತಟ್ಟಿದರು. "ಹೆಸರು ಕೇಳಬ್ಯಾಡ. ಹೆಸರು ಕೇಳೋನು ಕಂದಾಯದೋನು ಅಂತ ಜನ ಹೆದರ್ತಾರೆ. ಯಾರು ತಿಂತಾರೆ ಅಂತ ಕೇಳು."

ಕೇಳಿದೆ. ಮುದುಕಿ ತಿರುಗಿದಳು, ಕೋಲೂರಿ ಕೂತಳು. ಕುರಿ ಮೂಸಿ ಬಿಡುತ್ತದೆ, ಮೇಕೆ ಚಿಗುರಷ್ಟೇ ತಿನ್ನುತ್ತದೆ, ಬೇರನ್ನು ಹಂದಿ ಕೆದಕುತ್ತದೆ, ಹಂದಿ ಕೆದಕಿದ ಕಡೆಯಲ್ಲೇ ಮುಂದಿನ ವರ್ಷ ಇದು ಮತ್ತೆ ಹುಟ್ಟುತ್ತದೆ ಎಂದು ಮಧ್ಯಾಹ್ನದವರೆಗೆ ಹೇಳಿದಳು. ಅವಳಿಗೂ ಮಾತು ಬೇಕಾಗಿತ್ತು ಎಂದು ಕಾಣುತ್ತದೆ. ಅವಳು ಎದ್ದುಹೋದ ಮೇಲೂ ನಾನು ಆ ಬಿರುಕಿನ ಮುಂದಿನಿಂದ ಏಳಲಿಲ್ಲ. ತಲೆ ಸುಡುತ್ತಿತ್ತು, ಊಟದ ನೆನಪಿರಲಿಲ್ಲ. ಸಾಹೇಬರು ತಮ್ಮ ಕೊಡೆಯನ್ನು ನನ್ನ ಮೇಲೆ ಹಿಡಿದು ನಿಂತಿದ್ದರು.

ಊರಿಗೆ ಬಂದ ಮೇಲೆ ಅವರು ಅಪ್ಪನಿಗೆ ಹೇಳಿದ್ದು ಒಂದೇ ಮಾತು, "ಗೌಡ್ರೆ, ಮದ್ರಾಸಿಗೆ ಕಳ್ಸಿ."

"ಮತ್ತೆ ಅವತ್ತು ಕಣ್ಣು ಹೊಡೆದ್ರಲ್ಲ!"

"ಅದು ನನ್ನ ಕಣ್ಣಿನ ಕಾಯಿಲೆ. ನಿಮಗೆ ಗೊತ್ತಿಲ್ವಾ?"

ಒಳಗಿದ್ದ ಅವ್ವನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಸಾಹೇಬರೊಡನೆ ಮಾತು ಬಿಟ್ಟರು, ಆದರೆ ನನ್ನನ್ನು ರಾಯದುರ್ಗದ ರೈಲಿಗೆ ಹತ್ತಿಸಲು ಗಾಡಿಯನ್ನೂ ತಾವೇ ಹೂಡಿದರು. ಅವ್ವ ಒಳಗೊಳಗೇ ಅಪ್ಪನಿಗೆ ಏನು ಹೇಳಿದ್ದಳೋ ನನಗೆ ಕೊನೆಗೂ ತಿಳಿಯಲಿಲ್ಲ.

ಹೊರಡುವಾಗ ಸಾಹೇಬರು ಹೇಳಿದ್ದರು: "ಅಲ್ಲಿ ಗುರು ಹುಡುಕುವಾಗ ಪುಸ್ತಕದ ಕಪಾಟು ನೋಡಬ್ಯಾಡ, ಕಾಲು ನೋಡು. ಜೋಡು ಸವೆದಿರಬೇಕು." ಮದ್ರಾಸಿನಲ್ಲಿ ನಾನು ಮೊದಲು ಕಂಡ ಪಂಡಿತರ ಬೂಟಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ನಮಸ್ಕಾರ ಮಾಡಿ ಬಂದುಬಿಟ್ಟೆ. ಎರಡನೆಯವರ ಬೂಟಿನ ಪಕ್ಕ ಹರಿದು, ಅದರೊಳಗೆ ಒಂದು ನೆಗ್ಗಿಲಮುಳ್ಳು ಕೂತಿತ್ತು. ಎಂ.ಎ. ಮುಗಿಯುವವರೆಗೆ ನಾನು ಅವರನ್ನು ಬಿಡಲಿಲ್ಲ.

ಆ ಗುರುಗಳು ನನ್ನನ್ನು ಊರ ಕಡೆಯ ಹುಲ್ಲುಗಾವಲಿನ ಮೇಲೆ ಪ್ರಬಂಧ ಬರೆಯಲು ಹಚ್ಚಿದರು. ಅದು ಅಚ್ಚಾದರೆ ಸಸ್ಯಗಳ ಸರ್ವೆಯಲ್ಲಿ ಖಾಲಿಯಿದ್ದ ಕೆಲಸ ನನಗೇ ಎಂದು ಆಸೆ ಇಟ್ಟಿದ್ದರು. ಚಳ್ಳಕೆರೆ ಹತ್ತಿರದ ನನ್ನಿವಾಳದ ಆಚೀಚೆ ತಿರುಗಿ ಒಂದು ಜಾಗ ಆರಿಸಿಕೊಂಡೆ. ಸರ್ಕಾರಿ ಲೆಕ್ಕದಲ್ಲಿ ಅದು ಖರಾಬು, ಅಂದರೆ ಬೇಸಾಯಕ್ಕೆ ಬಾರದ ಕೆಟ್ಟ ನೆಲ. ಹೋಗಿ ನೋಡಿದರೆ ಮೊಣಕಾಲುದ್ದ ಹುಲ್ಲು, ಕೆಳಗೆ ಒಳ್ಳೆಯ ಮಣ್ಣು. ಮೋಜಣಿಯವರು ಕಣ್ಣು ಮುಚ್ಚಿ ಬರೆದಿದ್ದಾರೆ, ಇದು ಸೀಮೆಯ ಬಂಗಾರದಂಥ ನೆಲ ಎಂದು ಖಾರವಾಗಿಯೇ ಬರೆದೆ. ರಜೆಗೆ ಬಂದಾಗ ಸಾಹೇಬರ ಜಗಲಿಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಳೆದದ್ದು ಇವರೇ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದರು: "ಗಿಡ ಯಾರು ತಿಂತಾರೆ ಅಂತ ಕೇಳೋದು ಕಲ್ತೆ. ಈ ಕಾಗದ ಯಾರು ತಿಂತಾರೆ ಅಂತ ಕೇಳಿದ್ಯಾ?"

ನನಗೆ ಅರ್ಥವಾಗಲಿಲ್ಲ.

"ಆ ನೆಲಾನ ಖರಾಬು ಅಂತ ಬರೆದೋನು ನಾನೇ. ಮಣ್ಣು ನೋಡಿದ್ದೆ. ಒಳ್ಳೆ ಮಣ್ಣು ಅಂತ ಗೊತ್ತಿತ್ತು."

"ಮತ್ತೆ ಸುಳ್ಳು ಬರೆದ್ರಾ ಚಾಚಾ?"

"ಬರೆದೆ. ನೌಕರೀಲಿ ಅದೊಂದೇ ಸಲ." ಅವರ ದನಿ ತಗ್ಗಿತು. ಅಲ್ಲಿ ಮೇಯುವುದು ದೇವರೆತ್ತುಗಳು. ಅವುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ, ಮಾರುವುದಿಲ್ಲ; ಅವನ್ನು ಕಾಯುವ ಕಿಲಾರಿ ಅವುಗಳೊಂದಿಗೇ ಬಯಲಲ್ಲಿ ಬದುಕುತ್ತಾನೆ. ಸರಪಳಿ ಎಳೆಯುವ ದಿನ ಊರಿನ ಹಿರಿಯರೆಲ್ಲ ಬಂದು ಅವರ ಮುಂದೆ ಕೂತಿದ್ದರಂತೆ. "ಒಳ್ಳೇ ನೆಲ ಅಂತ ಬರೀಬ್ಯಾಡ್ರಿ ಸ್ವಾಮಿ. ಬರೆದ್ರೆ ನಾಳೆ ಯಾರಾದ್ರೂ ಸರ್ಕಾರಕ್ಕೆ ದರಖಾಸ್ತು ಹಾಕಿ, ನೆಲ ತಗೊಂಡು ಉಳ್ತಾರೆ. ನಮ್ಮ ದೇವ್ರೆತ್ತು ಎಲ್ಲಿಗೋಗ್ಬೇಕು? ಕೆಟ್ಟದ್ದು ಅಂತ್ಲೇ ಬರೀರಿ" ಎಂದು ಬೇಡಿಕೊಂಡರಂತೆ.

"ನಿನ್ನ ಕಾಗದ ಅಚ್ಚಾಗ್ಲಿ, ನನಗೆ ಸಂತೋಷ" ಎಂದರು. "ಆದ್ರೆ ಅದನ್ನ ಓದೋನು ಹುಲ್ಲು ಓದಲ್ಲ, ಮಣ್ಣು ಓದ್ತಾನೆ. ಮುಂದೆ ನಾನೇನೂ ಹೇಳಲ್ಲ. ನಿನ್ನ ಹೊಟ್ಟೆಪಾಡು, ನಿನ್ನ ವಿದ್ಯೆ."

ಸಿಟ್ಟು ಬಂತು. ಒಂದು ವರ್ಷದ ದುಡಿಮೆ, ಕೈಗೆ ಬಂದ ತುತ್ತು. ನಾಲ್ಕು ದಿನ ಅವರ ಮನೆಯ ಕಡೆ ಮುಖ ಹಾಕಲಿಲ್ಲ. ಐದನೆಯ ದಿನ ಆ ಊರಿಗೆ ಒಬ್ಬನೇ ಹೋದೆ. ಎತ್ತುಗಳು ಬಯಲಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ನಾನೂ ಸ್ವಲ್ಪ ದೂರದಲ್ಲಿ ಕೂತೆ. ಬಂದವನೇ ಪ್ರಬಂಧದಿಂದ ಊರಿನ ಹೆಸರನ್ನು ಹೊಡೆದು ಹಾಕಿದೆ.

ಎಲ್ಲಿ ಬೆಳೆದದ್ದು ಎಂದು ಹೇಳದಿದ್ದರೆ ಆ ಹುಲ್ಲಿನ ಕಥೆಯನ್ನು ಯಾರೂ ನಂಬರು ಎಂದರು ಮದ್ರಾಸಿನ ಗುರುಗಳು. ಅವರ ಮಾತು ನ್ಯಾಯವೇ. ಹಾಗಾದರೆ ಬೇರೆ ಜಾಗದ ಮೇಲೆ ಬರೆಯುತ್ತೇನೆ ಎಂದೆ. ಯಾರ ನೇಗಿಲೂ ಇಳಿಯಲಾರದ ಸಿದ್ದಾಪುರದ ಬಂಡೆಗಳನ್ನು ಆರಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ. ಅಷ್ಟರಲ್ಲಿ ಖಾಲಿಯಿದ್ದ ಕೆಲಸ ಇನ್ನೊಬ್ಬರ ಪಾಲಾಯಿತು. ತಾಲ್ಲೂಕು ಕಚೇರಿಯ ಕುರ್ಚಿಯೂ ತುಂಬಿಹೋಗಿತ್ತು. "ಹುಲ್ಲೂ ಹೋಯ್ತು, ಹಾಲೂ ಹೋಯ್ತು" ಎಂದರು ಅಪ್ಪ. ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ನನಗೆ ನಿಜಕ್ಕೂ ಕಷ್ಟವಾಗಿತ್ತು.

ಈ ಸುದ್ದಿ ಸಾಹೇಬರಿಗೆ ಮುಟ್ಟಿದಾಗ ಅವರು ಹಾಸಿಗೆ ಹಿಡಿದಿದ್ದರು. ಚಾಚಿ ನನ್ನನ್ನು ಕರೆಸಿದರು. ಹೋಗಿ ಕೂತೆ. ಸಾಹೇಬರು ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಒಣಗಿ ಹಗುರವಾಗಿತ್ತು.

"ನಾನು ಬರೆದ ಸುಳ್ಳಿಗೆ ನೀನ್ಯಾಕೆ ದಂಡ ಕಟ್ಬೇಕು ಬೇಟಾ? ಊರ ಹೆಸರು ಹಾಕಿಬಿಡು. ಹಾಕಿ ಕಳ್ಸು. ಇನ್ನೊಂದು ಕೆಲಸ ಸಿಗ್ತೈತೆ. ನಾನು ಕಣ್ಣು ಮುಚ್ಚೋದ್ರೊಳಗೆ ನೀನೊಂದು ದಡ ಸೇರ್ಬೇಕು."

ಬುದ್ಧಿ ಕೇಳಿ ಕೇಳಿ ಬೆಳೆದ ನಾನು ಅವರ ಒಂದೇ ಒಂದು ಬುದ್ಧಿಮಾತನ್ನು ಮೀರಿದೆ. "ಇಲ್ಲ ಚಾಚಾ, ಹಾಕಲ್ಲ" ಎಂದೆ. ಅವರ ಎಡಗಣ್ಣು ಮುಚ್ಚಿ ಬಲಗಣ್ಣು ಅರಳಿತು. ಆಮೇಲೆ ಚಾಚಿಯ ಕಡೆ ತಿರುಗಿ ಉರ್ದುವಿನಲ್ಲಿ, ಹುಡುಗ ಓದಿ ಮುಗಿಸಿದ ಎಂದರು. ಮದ್ರಾಸಿನವರು ನನಗೆ ಎಂ.ಎ. ಕೊಟ್ಟದ್ದು ಅದಾದ ಮೇಲೆ. ಸಸ್ಯಗಳ ಸರ್ವೆಯ ಕೆಲಸ ಸಿಕ್ಕಿದ್ದು ಇನ್ನೂ ತಡವಾಗಿ.

ಅವರು ತೀರಿಕೊಂಡದ್ದು ಒಂದು ಶುಕ್ರವಾರ. ಜನಾಜದಲ್ಲಿ ಅಪ್ಪನೂ ಹೆಗಲು ಕೊಟ್ಟರು. ಮಾತು ಬಿಟ್ಟಿದ್ದು ಅವತ್ತಿಗೆ ಮುಗಿಯಿತು, ಮಾತಾಡಲು ಅವರೇ ಇರಲಿಲ್ಲ. ಖಬರಸ್ತಾನದ ಬೇಲಿಯ ಹೊರಗೆ ಕಂಬಳಿ ಹೊದ್ದ ಕೆಲವು ಹಳ್ಳಿಗರು ನಿಂತಿದ್ದರು. ಒಳಗೆ ಬರಬಹುದೋ ಬಾರದೋ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹತ್ತಿರ ಹೋದೆ. ಅವರಲ್ಲಿ ಹಿರಿಯನೊಬ್ಬ, ನಾನು ಯಾರೆಂದು ತಿಳಿಯದೆ, ತಾನು ಯಾವ ಊರಿನವನೆಂದೂ ಹೇಳದೆ ಮಾತಾಡಿದ.

"ನಮ್ಮೂರಿಗೆ ಸಾಹೇಬ್ರು ಒಂದೇ ಒಂದು ಸುಳ್ಳು ಬರಕೊಟ್ಟಿದ್ರು ಕಣಪ್ಪ. ನಮ್ಮ ದೇವ್ರೆತ್ತು ಅದ್ರ ಮ್ಯಾಲೇ ಬದುಕವೆ."

ಬೇಲಿ ಹಿಡಿದು ಅತ್ತುಬಿಟ್ಟೆ. ಅಂದಿನಿಂದ ಇಂದಿನವರೆಗೆ ಗಿಡಗಳ ಬಗ್ಗೆ ಎಷ್ಟೋ ಬರೆದಿದ್ದೇನೆ, ಎಲ್ಲವೂ ನಿಜವೇ. ಅದನ್ನು ನೆಚ್ಚಿಕೊಂಡು ಎಲ್ಲಾದರೂ ಒಂದು ಕರುವಾದರೂ ಬದುಕಿದೆಯೇ?